ಕೂತವರ ಕೈಗೂ ಎಟುಕಲಿ

ಕಳೆದ ತಿಂಗಳು ತಮ್ಮನನ್ನು ಮಾಲ್‌ನಲ್ಲಿರುವ ಒಂದು ವಿಆರ್ (ವರ್ಚುವಲ್ ರಿಯಾಲಿಟಿ) ಆಟದ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇದ್ದಂತೆ ಕಾಣುವ ಆಟ ಅದು. ಅಪಘಾತ ಆದಮೇಲೆ ಅವನು ವೀಲ್‌ಚೇರ್‌ನಲ್ಲೇ ಓಡಾಡುತ್ತಾನೆ. ಎಡಗೈಯಲ್ಲಿ ಹಿಡಿತ ಇಲ್ಲ. ಹೆಡ್‌ಸೆಟ್ ಹಾಕಿಕೊಂಡ ಕೂಡಲೇ ಮುಖ ಅರಳಿತು. ಒಂದೇ ನಿಮಿಷ. "ಅಕ್ಕಾ, ಮೇಜು ನನ್ನ ಗಲ್ಲದ ಹತ್ರ ಇದೆ. ಮೇಲೆ ಏನಿಟ್ಟಿದ್ದಾರೆ ಅಂತಾನೇ ಕಾಣ್ತಿಲ್ಲ" ಅಂದ. ಆಟದಲ್ಲಿ ನೆಲಕ್ಕೆ ಬಿದ್ದ ಕೀಲಿ ಎತ್ತಲು ಬಗ್ಗಿದರೆ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ವೀಲ್‌ಚೇರಿನ ಚಕ್ರಕ್ಕೆ ಬಡಿಯಿತು. ಅಲ್ಲಿದ್ದ ಹುಡುಗ ಒಳ್ಳೆಯವನೇ. "ಇದು ನಿಂತು ಆಡೋದು ಸಾರ್, ಎರಡೂ ಕೈ ಬೇಕು" ಅಂದ. ತಮ್ಮ ಸುಮ್ನೆ ಹೆಡ್‌ಸೆಟ್ ಬಿಚ್ಚಿ ಕೊಟ್ಟ.

ನನಗೆ ತುಂಬಾ ಸಂಕಟವಾಯಿತು. ನಮ್ಮ ಬೀದಿಯ ಫುಟ್‌ಪಾತ್ ಸರಿ ಮಾಡಲು ಕಲ್ಲು, ಸಿಮೆಂಟು, ಟೆಂಡರ್ ಎಲ್ಲಾ ಬೇಕು, ಒಪ್ಪುತ್ತೇನೆ. ವಿಆರ್‌ನೊಳಗೆ ಕಣ್ಣಿನ ಎತ್ತರ ಅನ್ನುವುದು ಬರೀ ಒಂದು ಅಂಕಿ. ಅದನ್ನು ಹೆಚ್ಚು ಕಡಿಮೆ ಮಾಡುವ ಒಂದು ಬಟನ್ ಇಟ್ಟಿದ್ದರೆ ಸಾಕಿತ್ತು.

ಮಾಡಿದವರೂ ಇದ್ದಾರೆ. ಚಿಕ್ಕಪ್ಪನ ಮಗನ ಕಂಪ್ಯೂಟರ್‌ನಲ್ಲಿ ವಾಲ್ವ್ ಕಂಪನಿ 2020ರಲ್ಲಿ ತಂದ 'ಹಾಫ್-ಲೈಫ್: ಅಲಿಕ್ಸ್' ಇದೆ. ಅದನ್ನು ಕೂತೇ ಆಡಬಹುದು. ಒಂದೇ ಕಂಟ್ರೋಲರ್ ಸಾಕು ಅನ್ನುವ ಆಯ್ಕೆ ಇದೆ. ಕಿವಿ ಕೇಳದವರಿಗೆ ಸಬ್‌ಟೈಟಲ್ ಇದೆ. ಅದರೊಳಗೆ ಒಂದು ಕೈಗವಸು ಇದೆ ನೋಡಿ, ದೂರದ ವಸ್ತುವಿನ ಕಡೆ ಕೈ ಚಾಚಿ ಮಣಿಕಟ್ಟನ್ನು ನಮ್ಮ ಕಡೆಗೆ ಝಾಡಿಸಿದರೆ ಅದು ಹಾರಿ ಬರುತ್ತದೆ, ಗಬಕ್ಕನೆ ಹಿಡಿದುಕೊಳ್ಳಬೇಕು. ನೆಲದ ಮೇಲಿನ ಡಬ್ಬಕ್ಕೂ ಬಗ್ಗಬೇಕಾಗಿಲ್ಲ. ಇದು ಎಲ್ಲ ಆಟಗಾರರಿಗೂ ಕೊಟ್ಟಿರುವ ಕೈಗವಸೇ. ಅದನ್ನು ಆಡಿದ ದಿನ ತಮ್ಮ ಆಟದ ಮುಂದಿನ ಕೋಣೆಗೇ ಹೋಗಲಿಲ್ಲ. ಅರ್ಧ ಗಂಟೆ ಬರೀ ಡಬ್ಬ, ಬಾಟಲಿ ಎಳೆದುಕೊಳ್ಳುತ್ತಾ ಕೂತಿದ್ದ.

ಕಣ್ಣು ಮಂದ ಇರುವವರಿಗೂ ದಾರಿ ಇದೆ. 2019ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು 'ಸೀಯಿಂಗ್‌ವಿಆರ್' ಅಂತ 14 ಸಾಫ್ಟ್‌ವೇರ್ ಸಾಧನಗಳನ್ನು ಮಾಡಿ ತೋರಿಸಿದರು. ಒಂದು ಅಕ್ಷರ ಓದಿ ಹೇಳುತ್ತದೆ, ಇನ್ನೊಂದು ದೊಡ್ಡದು ಮಾಡುತ್ತದೆ, ಮತ್ತೊಂದು ವಸ್ತುಗಳ ಅಂಚು ಎದ್ದು ಕಾಣುವಂತೆ ಮಾಡುತ್ತದೆ. ಅವುಗಳಲ್ಲಿ 9 ಸಾಧನಗಳನ್ನು ಆಗಲೇ ತಯಾರಾಗಿರುವ ಆ್ಯಪ್‌ಗೆ ಹಾಗೇ ಕೂಡಿಸಬಹುದು, ಆ್ಯಪ್ ಮಾಡಿದವರು ಏನೂ ಮಾಡಬೇಕಾಗಿಲ್ಲ. "ಖರ್ಚು ಜಾಸ್ತಿ ಆಗುತ್ತೆ" ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ಆಟ ತಾನೇ, ಬಿಡಿ ಅನ್ನಬೇಡಿ. ಕೆಲಸದ ತರಬೇತಿ, ಕಾಲೇಜಿನ ಲ್ಯಾಬ್ ಎಲ್ಲ ಹೆಡ್‌ಸೆಟ್‌ನೊಳಗೆ ಬರುತ್ತಿವೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿಗಾಗಿ, ಅಂದರೆ ಬ್ಯಾಂಕಿನಂಥ ಕಡೆ ಗುರುತು ಖಚಿತಪಡಿಸಲು, ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರ ಕೇಸು ಅದು. ಕಣ್ಣು ಮಿಟುಕಿಸು ಅನ್ನುವ ಆ್ಯಪ್‌ಗೂ ಎದ್ದು ನಿಲ್ಲು ಅನ್ನುವ ಹೆಡ್‌ಸೆಟ್‌ಗೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ.

ಈ ಪೋಸ್ಟ್ ಓದುತ್ತಿರುವವರಲ್ಲಿ ವಿಆರ್ ಆ್ಯಪ್ ಮಾಡುವವರು ಇದ್ದೇ ಇರುತ್ತೀರಿ. ನಿಮ್ಮದು ಇನ್ನೂ ಅರ್ಧ ಆಗಿರುವಾಗಲೇ ನನಗೆ ಮೆಸೇಜ್ ಮಾಡಿ. ತಮ್ಮ ಬಂದು ಕೂತು ನೋಡಿ, ಎಲ್ಲಿ ಕೈ ಎಟುಕುವುದಿಲ್ಲ ಅಂತ ಹೇಳುತ್ತಾನೆ. ಭಾನುವಾರ ಅವನಿಗೆ ಬಿಡುವು.