ಎಳೆಯ ಪಿಚರ್ ಮೇಲೆ ಕೋಟಿಗಟ್ಟಲೆ ಹಣ: ಹಾಕಬೇಕೇ, ಬೇಡವೇ?

ಪರ: ಗಾಯಕ್ಕೆ ಹೆದರಿದರೆ ಗೆಲ್ಲುವುದು ಹೇಗೆ?

ಬೇಸ್‌ಬಾಲ್‌ನಲ್ಲಿ ಎಲ್ಲವೂ ಶುರುವಾಗುವುದು ಚೆಂಡು ಎಸೆಯುವ ಆಟಗಾರನ, ಅಂದರೆ ಪಿಚರ್‌ನ ಕೈಯಿಂದ. ಆ ಕೈ ಚೆನ್ನಾಗಿಲ್ಲದಿದ್ದರೆ ಬ್ಯಾಟರ್‌ಗಳು ಎಷ್ಟು ರನ್ ಹೊಡೆದರೂ ಸಾಲುವುದಿಲ್ಲ. ಮೊಣಕೈ ಹೋದೀತು ಎಂದು ಹೆದರಿ ಇಪ್ಪತ್ತರ ಹುಡುಗನನ್ನು ಎದುರಾಳಿಗೆ ಬಿಟ್ಟುಕೊಡುವುದು ತಪ್ಪು.

ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನೇ ನೋಡಿ. 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಅವರನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡು, 1.51 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2010ರ ಜೂನ್‌ನಲ್ಲಿ ಮೊದಲ ಪಂದ್ಯ, 14 ಸ್ಟ್ರೈಕ್‌ಔಟ್ (ಪಿಚರ್ ಎಸೆತದಿಂದಲೇ ಬ್ಯಾಟರ್ ಔಟ್ ಆಗುವುದು). ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಒಂದು ಚೇಂಜಪ್ (ಬ್ಯಾಟರ್‌ನನ್ನು ಏಮಾರಿಸುವ ನಿಧಾನದ ಎಸೆತ) ಎಸೆದವರೇ ಮುಖ ಕಿವುಚಿ ಕೈ ಕೊಡವಿದರು. ಮೊಣಕೈ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಅಲ್ಲಿಗೆ ಕತೆ ಮುಗಿಯಲಿಲ್ಲ. 2019ರಲ್ಲಿ ನ್ಯಾಷನಲ್ಸ್ ಮೊದಲ ಸಲ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಸರಣಿಶ್ರೇಷ್ಠರಾದವರು ಅದೇ ಸ್ಟ್ರಾಸ್‌ಬರ್ಗ್!

ಹರಿದ ಲಿಗಮೆಂಟ್‌ಗೆ ಈಗ ದಾರಿಯಿದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಪಿಚರ್ ಟಾಮಿ ಜಾನ್ ಅವರ ಮಣಿಕಟ್ಟಿನಿಂದ ಒಂದು ಸ್ನಾಯುರಜ್ಜು ತೆಗೆದು, ಮೊಣಕೈ ಮೂಳೆಗಳಲ್ಲಿ ತೂತು ಕೊರೆದು ಅದನ್ನು ಪೋಣಿಸಿದರು. ಆಮೇಲೆ ಜಾನ್ ಗೆದ್ದದ್ದು 164 ಪಂದ್ಯ.

ಇನ್ನು ವಯಸ್ಸಾದವರ ಕೈಯೇನು ಭದ್ರವೇ? 34ರ ಪಿಚರ್ ಜೇಕಬ್ ಡಿಗ್ರಾಮ್ ಅವರಿಗೆ ಟೆಕ್ಸಸ್ ರೇಂಜರ್ಸ್ 18.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. 2023ರಲ್ಲಿ ಅವರು ಆಡಿದ್ದು ಆರೇ ಪಂದ್ಯ. ಪಿಟ್ಸ್‌ಬರ್ಗ್ ಪೈರೇಟ್ಸ್ ಅದೇ ವರ್ಷ ಡ್ರಾಫ್ಟ್‌ನಲ್ಲಿ ಆರಿಸಿದ ಎಳೆಯ ಪಿಚರ್ ಪಾಲ್ ಸ್ಕೀನ್ಸ್ ಅವರಿಗೆ ಕೊಟ್ಟ ಬೋನಸ್ 92 ಲಕ್ಷ ಡಾಲರ್. 2025ಕ್ಕೆ ಅವರು ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಅಪಾಯ ಎರಡೂ ಕಡೆ ಇರುವಾಗ, ಕಡಿಮೆ ದುಡ್ಡಿನ ಕಡೆ ಹೋಗುವುದೇ ಸರಿ ಅಲ್ವಾ?

ವಿರೋಧ: ಗಾಯವನ್ನು ಬೆಳೆಸುತ್ತಿರುವುದೇ ಆ ಹಣ

ತಂಡದ ಲಾಭ-ನಷ್ಟ ಆಮೇಲೆ ನೋಡೋಣ. ಮೊದಲು ಹುಡುಗನ ಮೊಣಕೈ ನೋಡಿ. ಕ್ರಿಕೆಟ್ ಬೌಲರ್ ಎಸೆಯುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೇರ ಮಾಡುವಂತಿಲ್ಲ. ಪಿಚರ್‌ಗೆ ಅಂಥ ಕಟ್ಟು ಇಲ್ಲ. ಮಡಚಿದ ಕೈ ಚಾಟಿಯ ಹಾಗೆ ಬಿಚ್ಚಿಕೊಳ್ಳುತ್ತದೆ, ಪ್ರತಿ ಎಸೆತಕ್ಕೂ ಆ ಸಣ್ಣ ಲಿಗಮೆಂಟ್ ಎಳೆತ ತಿನ್ನುತ್ತದೆ. ವ್ಯಾಯಾಮ ಮಾಡಿ ತೋಳು ಬಲಿಸಬಹುದು, ಲಿಗಮೆಂಟ್ ಅಷ್ಟು ಬಲಿಯುವುದಿಲ್ಲ.

ಹೀಗಿದ್ದೂ ಡ್ರಾಫ್ಟ್‌ನಲ್ಲಿ ಬೆಲೆ ಸಿಗುವುದು ವೇಗಕ್ಕೆ. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ (ವೇಗದ ಎಸೆತದ) ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇತ್ತು, 2024ಕ್ಕೆ 94.2 ಆಯಿತು. ಗಾಯಗಳು ಹೆಚ್ಚಲು ಈ ವೇಗದ ಹುಚ್ಚು ದೊಡ್ಡ ಕಾರಣ ಎಂದು 2024ರ ಡಿಸೆಂಬರ್‌ನಲ್ಲಿ ಲೀಗ್‌ನ ವರದಿಯೇ ಹೇಳಿತು. 17-18 ವಯಸ್ಸಿನವರು ದಿನಕ್ಕೆ 105 ಎಸೆತ ದಾಟಬಾರದು ಎಂಬ ಮಾರ್ಗಸೂಚಿ ಇದೆ ನಿಜ. ಆದರೆ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ವೇಗ ಅಳೆಯುವ ರಾಡಾರ್ ಗನ್ ಹಿಡಿದು ಕೂತಿರುವಾಗ ಯಾವ ಹುಡುಗ ತಾನೇ ಮೆಲ್ಲಗೆ ಎಸೆದಾನು?

ಎಳೆಯ ಪಿಚರ್ ಬ್ರೇಡಿ ಏಕನ್ ಅವರಿಗೆ ಆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. 2014ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಅವರನ್ನು ಮೊದಲ ಆಯ್ಕೆ ಮಾಡಿ 65 ಲಕ್ಷ ಡಾಲರ್‌ಗೆ ಒಪ್ಪಿತ್ತು. ತಪಾಸಣೆಯಲ್ಲಿ ಲಿಗಮೆಂಟ್ ಬಗ್ಗೆ ಅನುಮಾನ ಬಂತು, ಮೊತ್ತ ಇಳಿಯಿತು, ಒಪ್ಪಂದ ಮುರಿಯಿತು. 2015ರ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ. ಅವರು ಮೇಜರ್ ಲೀಗ್ ಮೆಟ್ಟಿಲು ಹತ್ತಲೇ ಇಲ್ಲ. ತಂಡಕ್ಕೆ ಮಾತ್ರ ಪರಿಹಾರವಾಗಿ ಮರುವರ್ಷದ ಎರಡನೇ ಆಯ್ಕೆ ಸಿಕ್ಕಿತು. ಅದರಲ್ಲಿ ಆಸ್ಟ್ರೋಸ್ ತೆಗೆದುಕೊಂಡದ್ದು ಅಲೆಕ್ಸ್ ಬ್ರೆಗ್ಮನ್ ಎಂಬ ಬ್ಯಾಟರ್‌ನನ್ನು.

ಸ್ಟ್ರಾಸ್‌ಬರ್ಗ್ ಹೆಸರು ಹೇಳುವವರು 2019ಕ್ಕೇ ನಿಲ್ಲಿಸುತ್ತಾರೆ. ಆಮೇಲೆ ಸಿಕ್ಕ 24.5 ಕೋಟಿ ಡಾಲರ್ ಒಪ್ಪಂದದಲ್ಲಿ ಅವರಿಗೆ ಆಡಲಾದದ್ದು ಎಂಟೇ ಪಂದ್ಯ.

ಬೇರೆ ದಾರಿ ಇಲ್ಲವೆಂದೇನಿಲ್ಲ. ಶಿಕಾಗೊ ಕಬ್ಸ್ 2013ರಲ್ಲಿ ಕ್ರಿಸ್ ಬ್ರಯಂಟ್, 2014ರಲ್ಲಿ ಕೈಲ್ ಶ್ವಾರ್ಬರ್, ಹೀಗೆ ಮೊದಲ ಸುತ್ತಿನ ಹಣವನ್ನು ಬ್ಯಾಟರ್‌ಗಳಿಗೇ ಕೊಟ್ಟಿತು. ಪಿಚರ್ ಬೇಕಾದಾಗ, ಆಗಲೇ ಮೇಜರ್ ಲೀಗ್‌ನಲ್ಲಿ ಆಡಿದ್ದ ಜೇಕ್ ಅರಿಯೆಟಾ, ಜಾನ್ ಲೆಸ್ಟರ್ ಅವರನ್ನು ಹೊರಗಿನಿಂದ ತಂದಿತು. 2016ರಲ್ಲಿ, 108 ವರ್ಷಗಳ ನಂತರ, ವರ್ಲ್ಡ್ ಸೀರೀಸ್ ಗೆದ್ದದ್ದು ಇದೇ ತಂಡ.