ದೂರದೇಶದವರು ಬರುತ್ತಾರೆ, ದಾವಣಗೆರೆಯವರು ಯಾಕೆ ಬರಲ್ಲ?

ನವೆಂಬರ್ ಬಂತು ಅಂದರೆ ಹಳ್ಳಿ ಕಡೆಯ ಮಿಷನ್ ಆಸ್ಪತ್ರೆಗಳ ಗೆಸ್ಟ್‌ಹೌಸ್ ತುಂಬಿಕೊಳ್ಳುತ್ತದೆ. ಇಂಗ್ಲೆಂಡ್, ಜರ್ಮನಿ, ಅಮೆರಿಕದಿಂದ ಮೆಡಿಕಲ್ ಓದುವ ಹುಡುಗರು, ರಿಟೈರ್ ಆದ ಡಾಕ್ಟರುಗಳು, ಚರ್ಚಿನ ತಂಡಗಳು. ಎರಡು ವಾರ ಇದ್ದು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವರನ್ನು ಆಡಿಕೊಳ್ಳೋದು ಸುಲಭ. ನನ್ನ ಸಿಟ್ಟು ಮಾತ್ರ ನಮ್ಮವರ ಮೇಲೆ. (ಮತಾಂತರದ ಜಗಳ ಬೇಕಾದವರು ದಯವಿಟ್ಟು ಬೇರೆ ಗೋಡೆ ನೋಡಿಕೊಳ್ಳಿ.)

ಅಂಥ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ನಾನು ಕೆಲಸ ಮಾಡಿದವನು, ಹೆಸರು ಬೇಡ. ಒಂದು ರಾತ್ರಿ ಹೊಲಕ್ಕೆ ನೀರು ಕಟ್ಟೋಕೆ ಹೋದವರನ್ನು ಹಾವು ಕಚ್ಚಿದೆ ಅಂತ ಕರೆತಂದರು. ಹೊರದೇಶದಿಂದ ಬಂದಿದ್ದ ಹುಡುಗ ಡಾಕ್ಟರು, ತುಂಬಾ ಒಳ್ಳೆಯವನು, ರಕ್ತ ಹೆಪ್ಪುಗಟ್ಟೋದನ್ನು ನೋಡುವ ಮೆಷಿನ್ ಎಲ್ಲಿದೆ ಅಂತ ಕೇಳಿದ. ನಮ್ಮಲ್ಲಿ ಮೆಷಿನ್ ಎಲ್ಲಿಂದ ಬರಬೇಕು? ಕೇರಳದಿಂದ ಬಂದು ಇಲ್ಲೇ ತಲೆ ನೆರೆತ ಸಿಸ್ಟರ್ ಒಬ್ಬರಿದ್ದರು, ಕನ್ನಡದಲ್ಲಿ ನಮಗಿಂತ ಚೆನ್ನಾಗಿ ಬೈಯುತ್ತಿದ್ದರು. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ ಯಾರೂ ಮುಟ್ಟದ ಹಾಗೆ ಇಟ್ಟರು. 20 ನಿಮಿಷ ಬಿಟ್ಟು ಒಂದೇ ಸಲ ಓರೆ ಮಾಡಿದರು. ಹೆಪ್ಪೇ ಕಟ್ಟಿರಲಿಲ್ಲ, ಸುಮ್ನೆ ಹರಿದುಬಿಟ್ಟಿತು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಂಡಲದ ಜಾತಿಯ ಹಾವಿನ ವಿಷ ಅಂತ ಗೊತ್ತಾಗಿ ಆಂಟಿವೆನಮ್ (ವಿಷಕ್ಕೆ ಕೊಡುವ ಮದ್ದು) ಶುರುವಾಯಿತು. ಪ್ಲಾಸ್ಟಿಕ್ ಟ್ಯೂಬಾದರೆ ಈ ಪರೀಕ್ಷೆ ನಂಬೋ ಹಾಗಿಲ್ಲ, ಸೋಪಿನ ಪುಡಿ ಹಾಕಿ ತೊಳೆದ ಗಾಜೂ ಆಗಲ್ಲ. ಹುಡುಗ ಎಲ್ಲ ಬರೆದುಕೊಂಡ. ಕಲಿತವನು ಅವನು, ಕಲಿಸಿದ್ದು ನಮ್ಮ ಸಿಸ್ಟರ್. ಊರಿಗೆ ಹೋಗಿ ಹಾಕುವ ಪೋಸ್ಟ್‌ನಲ್ಲಿ ಇದು ತಲೆಕೆಳಗಾಗಿರುತ್ತದೆ, ಅದೊಂದೇ ಬೇಜಾರು.

ಹೊರದೇಶದ ಡಾಕ್ಟರ್ ಇಲ್ಲಿ ಚಿಕಿತ್ಸೆ ಕೊಡಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾತ್ಕಾಲಿಕ ಅನುಮತಿ ಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ನಿಂತು ನೋಡಬಹುದು, ಅಷ್ಟೇ. ನಿಜಕ್ಕೂ ಉಪಯೋಗಕ್ಕೆ ಬಂದವರು ಡಾಕ್ಟರೇ ಅಲ್ಲದ ಒಬ್ಬ ಹಿರಿಯರು, ಮೆಷಿನ್ ರಿಪೇರಿಯವರು. ಏನೇನು ಕೆಟ್ಟಿದೆ ಅಂತ ಮೊದಲೇ ಪಟ್ಟಿ ತರಿಸಿಕೊಂಡು, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್‌ನ ರಬ್ಬರ್ ರಿಂಗ್ ಜೇಬಲ್ಲೇ ಇಟ್ಟುಕೊಂಡು ಬಂದರು. ವಾರ್ಡ್ ಬಾಯ್‌ನ ಕೂರಿಸಿಕೊಂಡು ಬಿಚ್ಚಿ ಜೋಡಿಸೋದನ್ನು ಹೇಳಿಕೊಟ್ಟರು. ಅವರು ಹೋದ ಮೇಲೂ ಅದು ಓಡುತ್ತಿತ್ತು.

ಈ ಆಸ್ಪತ್ರೆಗಳು ನಿಂತಿದ್ದೇ ಬಂದು ಉಳಿದವರಿಂದ. ಅಮೆರಿಕದ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ವೆಲ್ಲೂರಿನಲ್ಲಿ 1900ರಲ್ಲಿ ಒಂದು ಹಾಸಿಗೆಯಿಂದ ಶುರು ಮಾಡಿದರು, 1918ರ ಹೊತ್ತಿಗೆ ಇಲ್ಲಿನ ಹೆಣ್ಣುಮಕ್ಕಳಿಗೇ ಡಾಕ್ಟರಿಕೆ ಕಲಿಸುವ ಶಾಲೆ ತೆರೆದರು. ಹೊರಗಿನವರು ಇಲ್ಲಿನವರನ್ನು ತಯಾರು ಮಾಡಿದ್ದಕ್ಕೇ ಅದು ಇಷ್ಟು ವರ್ಷ ನಡೆದಿದೆ.

ಈಗ ದಾವಣಗೆರೆಗೆ ಬರೋಣ. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಎಸ್‌ಎಸ್ ಕಾಲೇಜೂ ಇದೆ, ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜಿದೆ. ರಸ್ತೆಗೊಂದು ನರ್ಸಿಂಗ್ ಹೋಮ್. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೊರಟರೆ ಜಗಳೂರು, ಮೊಳಕಾಲ್ಮೂರು ಕಡೆಯ ಯಾವ ಹಳ್ಳಿಯಾದರೂ ಮಧ್ಯಾಹ್ನದೊಳಗೆ ಸಿಗುತ್ತದೆ. ವೀಸಾ ಬೇಡ, ಆಯೋಗದ ಅನುಮತಿ ಬೇಡ, ದುಭಾಷಿ ಬೇಡ. ಆ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಮೂಳೆ, ಹಲ್ಲು ಎರಡನ್ನೂ ಕೆಡಿಸುತ್ತದೆ ಅಂತ ನಮಗೆಲ್ಲ ಗೊತ್ತು. ಸೊಂಟ ಬಗ್ಗಲ್ಲ, ಕತ್ತು ತಿರುಗಲ್ಲ ಅಂತ ಬಂದ ಅಜ್ಜನಿಗೆ ಹೊರಗಿನವರು ನೋವಿನ ಮಾತ್ರೆ ಕೊಡಬಹುದು. "ಯಾವ ಬೋರಿನ ನೀರು ಕುಡೀತೀಯಜ್ಜ, ಮೊಮ್ಮಕ್ಕಳ ಹಲ್ಲು ತೋರಿಸು" ಅಂತ ಕೇಳೋಕೆ ಇಲ್ಲಿನವರೇ ಬೇಕು, ಅಲ್ವಾ?

ಕೆಲವರು ಹೋಗುತ್ತಾರೆ, ಇಲ್ಲ ಅನ್ನಲ್ಲ. ಆದರೆ ಒಂದು ದಿನದ ಕ್ಯಾಂಪ್, ಬ್ಯಾನರ್, ಶಾಲು, ಹಾರ, ಸಂಜೆ ವಾಪಸ್. ಬಿಪಿ ನೋಡಿ ಬರೋಕೆ ಅಷ್ಟು ಸಡಗರ ಯಾಕೆ? ಸಣ್ಣ ಆಸ್ಪತ್ರೆಗೆ ಬೇಕಾಗಿರೋದು ಅರಿವಳಿಕೆ ಕೊಡುವವರು, ತಿಂಗಳಿಗೆ ಎರಡು ಶನಿವಾರ ತಪ್ಪದೆ. ಮತ್ತೆ, ಇರೋ ಒಬ್ಬ ಡಾಕ್ಟರ್ ರಜೆ ಹಾಕಿದಾಗ ಆ ಕುರ್ಚಿಯಲ್ಲಿ ಕೂರುವವರು.

ಕ್ರಿಸ್‌ಮಸ್ ವಾರವೇ ನೋಡಿ. ಅಲ್ಲಿನ ಸ್ಟಾಫ್‌ನಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಂದೇ ಹಬ್ಬ, ಮನೆಗೆ ಹೋಗೋಕಾಗಲ್ಲ. ವಿದೇಶದ ಅತಿಥಿಗಳೂ ಆಗ ಊರಿಗೆ ಓಡಿರುತ್ತಾರೆ. ಹೆರಿಗೆ ಮಾತ್ರ ಹಬ್ಬ ನೋಡಿಕೊಂಡು ಬರಲ್ಲ. ನಮ್ಮ ಲಿಂಗಾಯತ, ಮುಸ್ಲಿಂ, ಬ್ರಾಹ್ಮಣ ಡಾಕ್ಟರುಗಳು ಆ ನಾಲ್ಕು ರಾತ್ರಿ ಡ್ಯೂಟಿ ಹಂಚಿಕೊಂಡರೆ ಏನಾಗುತ್ತದೆ? ಒಪ್ಪುವವರು ಇನ್‌ಬಾಕ್ಸ್‌ಗೆ ಬನ್ನಿ, ಆಸ್ಪತ್ರೆಯವರ ಜೊತೆ ನಾನು ಮಾತಾಡುತ್ತೇನೆ. ಊಟ ಮೆಸ್‌ನಲ್ಲೇ, ಮುದ್ದೆ ಸಾರು. ಅರಿವಳಿಕೆಯವರು ಯಾರಾದರೂ ಇದ್ದರೆ ಫೋನೇ ಮಾಡಿ.