ಗೆದ್ದ ಮನೆಯವರು ಬರೆಸಿದ ಮಂಗೋಲ್ ಇತಿಹಾಸ

ಮಂಗೋಲ್ ಖಾನರ ಪಟ್ಟಿಯನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಚೆಂಗೀಸ್, ಒಗದೈ, ಗುಯುಕ್, ಮೋಂಗ್ಕೆ, ಕುಬ್ಲೈ. ಐದು ಹೆಸರು, ಒಂದರ ಕೆಳಗೊಂದು. ಪಟ್ಟ ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹೋಯಿತು ಅನ್ನೋ ಹಾಗೆ ಕಾಣುತ್ತದೆ. ಪಕ್ಕದ ಇಸವಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಗದೈ ಸತ್ತದ್ದು 1241ರ ಡಿಸೆಂಬರ್‌ನಲ್ಲಿ. ಗುಯುಕ್ ಪಟ್ಟಕ್ಕೆ ಬಂದದ್ದು 1246ರ ಆಗಸ್ಟ್‌ನಲ್ಲಿ. ಗುಯುಕ್ ಸತ್ತದ್ದು 1248ರಲ್ಲಿ, ಮೋಂಗ್ಕೆ ಬಂದದ್ದು 1251ರ ಜುಲೈನಲ್ಲಿ. ಎರಡೂ ಸೇರಿದರೆ ಹೆಚ್ಚುಕಡಿಮೆ ಎಂಟು ವರ್ಷ ಖಾನನೇ ಇಲ್ಲ.

ಆ ಎಂಟು ವರ್ಷ ರಾಜ್ಯ ನಡೆಸಿದವರು ಇಬ್ಬರು ವಿಧವೆಯರು. ಒಗದೈಯ ಹೆಂಡತಿ ತೋರೆಗೆನೆ, ಗುಯುಕ್‌ನ ಹೆಂಡತಿ ಒಗುಲ್ ಖೈಮಿಶ್. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಇದ್ದರೂ ಒಬ್ಬಳು ಕುತಂತ್ರಿ, ಇನ್ನೊಬ್ಬಳು ಮಾಟಗಾತಿ. ಅದೇ ಕಾಲದ ಮೂರನೆಯ ವಿಧವೆ, ಚೆಂಗೀಸನ ಕಿರಿಯ ಮಗ, ಒಗದೈಯ ತಮ್ಮ ತೊಲುಯಿಯ ಹೆಂಡತಿ, ಮೋಂಗ್ಕೆ ಮತ್ತು ಕುಬ್ಲೈಯ ತಾಯಿ ಸೊರ್ಗಗ್ತಾನಿ ಮಾತ್ರ ಎಲ್ಲ ಕಡೆ ಮಹಾತಾಯಿ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ವಿಷಯ. ಮಂಗೋಲರಲ್ಲಿ ಮುಂದಿನ ಖಾನ್ ಇವನೇ ಅಂತ ಹೇಳುವ ಗಟ್ಟಿ ನಿಯಮ ಇರಲಿಲ್ಲ. ಸತ್ತ ಖಾನನ ಇಷ್ಟಕ್ಕೆ ಬೆಲೆ ಇತ್ತು. ಹಿರಿಯ ಮಗ ಅನ್ನೋದಕ್ಕೂ ಬೆಲೆ ಇತ್ತು. ಅಪ್ಪನ ಬಿಡಾರ, ಒಲೆ ಕಿರಿಯ ಮಗನಿಗೆ ಅನ್ನುವ ಪದ್ಧತಿಯೂ ಇತ್ತು. ಕೊನೆಗೆ ಖುರುಲ್ತಾಯಿ ಅನ್ನುವ ಕುಲದ ಸಭೆ ಸೇರಿ ಒಪ್ಪಬೇಕಿತ್ತು. ಆ ಸಭೆಗೆ ಸಾವಿರಾರು ಮೈಲಿ ದೂರದಿಂದ ಜನ ಬರಬೇಕು. ಬರಲು ಇಷ್ಟವಿಲ್ಲದವರು ಕಾಲುನೋವು ಅಂದರೂ ಸಾಕು, ವರ್ಷಗಳು ಉರುಳುತ್ತಿದ್ದವು. ಪಶ್ಚಿಮದಲ್ಲಿ ರಷ್ಯಾದ ಹುಲ್ಲುಗಾವಲು ಆಳುತ್ತಿದ್ದ ಚೆಂಗೀಸನ ಮೊಮ್ಮಗ ಬಾತು ಹೀಗೇ ಮಾಡಿದ. ಅಷ್ಟರವರೆಗೆ ರಾಜ್ಯ ನೋಡಿಕೊಳ್ಳೋದು ಖಾನನ ವಿಧವೆ. ಅಂದರೆ ಈ ಹೆಂಗಸರು ಅಧಿಕಾರ ಕಸಿದುಕೊಂಡವರಲ್ಲ. ಪದ್ಧತಿಯಂತೆ ಅವರಿಗೆ ಬಂದ ಕೆಲಸ ಅದು.

ತೋರೆಗೆನೆ ಆ ಕೆಲಸಕ್ಕೆ ಕೈ ಹಾಕಿದ ಸ್ವಲ್ಪ ಕಾಲಕ್ಕೇ ಚೆಂಗೀಸ್ ಖಾನನ ಕೊನೆಯ ತಮ್ಮ ತೆಮುಗೆ ಸೈನ್ಯ ಕಟ್ಟಿಕೊಂಡು ಸಿಂಹಾಸನದ ಕಡೆ ಹೊರಟ. ಗಂಡ ಸತ್ತಿದ್ದಾನೆ, ಮಗ ಗುಯುಕ್ ದೂರದ ಪಶ್ಚಿಮದ ದಂಡಯಾತ್ರೆಯಿಂದ ಇನ್ನೂ ದಾರಿಯಲ್ಲಿದ್ದಾನೆ. ಆಕೆ ದೂತರ ಕೈಲಿ ಹೇಳಿಕಳಿಸಿದ್ದು ಇಷ್ಟು: ನಾನು ನಿಮ್ಮ ಸೊಸೆ, ನಿಮ್ಮನ್ನೇ ನಂಬಿಕೊಂಡಿದ್ದೇನೆ, ನೀವು ಹೀಗೆ ದಂಡು ಕಟ್ಟಿಕೊಂಡು ಬಂದರೆ ಅರ್ಥವೇನು? ಅಷ್ಟರಲ್ಲಿ ಗುಯುಕ್ ಹತ್ತಿರ ಬಂದ ಸುದ್ದಿಯೂ ಮುಟ್ಟಿತು. ನಾನು ಸಾವಿಗೆ ದುಃಖ ಹೇಳಲು ಬಂದೆ ಅಂತ ಹೇಳಿ ತೆಮುಗೆ ವಾಪಸ್ ಹೋದ. ರಕ್ತ ಹರಿಯಲಿಲ್ಲ. ಬೇರೆ ಯಾರಾದರೂ ಇದನ್ನು ಮಾಡಿದ್ದರೆ ನಾವು ರಾಜನೀತಿಯ ಪಾಠ ಅಂತ ಹೇಳಿಕೊಡುತ್ತಿದ್ದೆವು, ಅಲ್ವಾ?

ಆಕೆಯ ತಪ್ಪುಗಳು ಇರಲಿಲ್ಲ ಅಂತಲ್ಲ. ಗಂಡನ ಕಾಲದ ದೊಡ್ಡ ಅಧಿಕಾರಿಗಳಾದ ಚಿನ್‌ಖಾಯ್, ಮಹಮೂದ್ ಯಲವಾಚ್ ಅವರನ್ನು ಕೆಳಗಿಳಿಸಿದಳು. ಕಂದಾಯ ವಸೂಲಿಯನ್ನು ಅಬ್ದುಲ್ ರಹಮಾನ್ ಅನ್ನುವ ಗುತ್ತಿಗೆದಾರನಿಗೆ ಕೊಟ್ಟಳು. ಜನರಿಗೆ ಅದರಿಂದ ಕಷ್ಟ ಆಯಿತು. ಒಗದೈ ತನ್ನ ನಂತರ ಮೊಮ್ಮಗ ಶಿರೆಮುನ್ ಆಗಲಿ ಅಂದಿದ್ದ. ಆಕೆ ಅದನ್ನು ಬದಿಗಿಟ್ಟು ಮಗನನ್ನು ಕೂರಿಸಿದಳು. 1246ರ ಆ ಪಟ್ಟಾಭಿಷೇಕವನ್ನು ಪೋಪ್ ಕಳಿಸಿದ್ದ ಪಾದ್ರಿ ಕಾರ್ಪಿನಿ ಕಣ್ಣಾರೆ ಕಂಡು ಬರೆದಿದ್ದಾನೆ. ಎರಡು ಸಾವಿರ ಜನ ಹಿಡಿಸುವಷ್ಟು ದೊಡ್ಡ ಬಿಳಿ ಡೇರೆ. ಮೊದಲ ದಿನ ಸರದಾರರೆಲ್ಲ ಬಿಳಿ ಬಟ್ಟೆ, ಎರಡನೆಯ ದಿನ ಕೆಂಪು, ಮೂರನೆಯ ದಿನ ನೀಲಿ, ನಾಲ್ಕನೆಯ ದಿನ ಜರತಾರಿ. ನಾಲ್ಕು ಸಾವಿರಕ್ಕೂ ಜಾಸ್ತಿ ರಾಯಭಾರಿಗಳು ಬಂದಿದ್ದರಂತೆ. ಇಷ್ಟೆಲ್ಲ ನಡೆಸಿದ್ದು ಮಾತ್ರ ಆ ತಾಯಿ. ಮಗ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ಆಕೆಯ ನಂಬಿಕೆಯ ಗೆಳತಿ, ಪರ್ಷಿಯಾದಿಂದ ಸೆರೆಯಾಗಿ ಬಂದಿದ್ದ ಫಾತಿಮಾಳ ಮೇಲೆ ಮಾಟದ ಆರೋಪ ಹೊರಿಸಿ, ಚಿತ್ರಹಿಂಸೆ ಕೊಟ್ಟು, ಕಂಬಳಿಯಲ್ಲಿ ಸುತ್ತಿ ನದಿಗೆ ಎಸೆದರು.

ಈಗ ಸೊರ್ಗಗ್ತಾನಿಯ ಕಡೆ ಬನ್ನಿ. ಕೆರೈತ್ ಕುಲದವಳು, ಕ್ರಿಶ್ಚಿಯನ್. 1232ರಲ್ಲಿ ಗಂಡ ಸತ್ತ. ಗುಯುಕ್‌ನನ್ನು ಮದುವೆಯಾಗು ಅಂತ ಒಗದೈ ಹೇಳಿಕಳಿಸಿದಾಗ, ಮಕ್ಕಳನ್ನು ಬೆಳೆಸಬೇಕು ಅಂತ ನಯವಾಗಿ ಬೇಡ ಅಂದಳು. ಬುಖಾರಾದಲ್ಲಿ ಮದರಸಾ ಕಟ್ಟಲು ಸಾವಿರ ಬೆಳ್ಳಿ ಗಟ್ಟಿ ಕೊಟ್ಟಳು. ಗುಯುಕ್ ಪಶ್ಚಿಮಕ್ಕೆ ಹೊರಟಾಗ, ಅವನ ಮನಸ್ಸಿನಲ್ಲಿ ಏನೋ ಇದೆ, ಹುಷಾರು ಅಂತ ಗುಟ್ಟಾಗಿ ಬಾತುವಿಗೆ ಸುದ್ದಿ ಮುಟ್ಟಿಸಿದಳು. ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜುವೈನಿ ಬರೆದದ್ದನ್ನು ಓದಿ. ತೋರೆಗೆನೆ ಉಡುಗೊರೆ ಕೊಟ್ಟು ನೆಂಟರಿಷ್ಟರ ಮನಸ್ಸು ಗೆದ್ದಳು, ಅದು ಚಾಲಾಕಿತನ. ಸೊರ್ಗಗ್ತಾನಿಯೂ ಉಡುಗೊರೆ ಕೊಟ್ಟು ಮನಸ್ಸು ಗೆದ್ದಳು, ಅದು ಔದಾರ್ಯ. ಇಬ್ಬರೂ ಮಗನಿಗಾಗಿ ಮಾಡಿದ್ದು. ಶಿರೆಮುನ್‌ನನ್ನು ಇಬ್ಬರೂ ಪಕ್ಕಕ್ಕೆ ಸರಿಸಿದರು. ಒಬ್ಬಳಿಗೆ ಬೈಗುಳ, ಒಬ್ಬಳಿಗೆ ಹೊಗಳಿಕೆ.

ಜುವೈನಿ ಯಾರು? ಸೊರ್ಗಗ್ತಾನಿಯ ಮಗ ಹುಲೆಗುವಿನ ಅಧಿಕಾರಿ. ಬಾಗ್ದಾದಿನ ಆಡಳಿತ ನೋಡಿಕೊಂಡವನು. ಅವನ ನಂತರ ದೊಡ್ಡ ಇತಿಹಾಸ ಬರೆದ ರಶೀದುದ್ದೀನ್ ಯಾರು? ಹುಲೆಗುವಿನ ವಂಶದ ಗಜಾನ್ ಮತ್ತು ಒಲ್ಜೈತು ಅವರ ಮಂತ್ರಿ. ಇಬ್ಬರೂ ತೊಲುಯಿ ಮನೆಯ ಅನ್ನ ತಿಂದವರು. ಇಬ್ಬರೂ ದೊಡ್ಡ ವಿದ್ವಾಂಸರು, ಅವರಿಲ್ಲದಿದ್ದರೆ ನಮಗೆ ಅರ್ಧ ಕಥೆಯೂ ಸಿಗುತ್ತಿರಲಿಲ್ಲ. ಆದರೆ ಒಗದೈ ಮನೆಯಿಂದ ತೊಲುಯಿ ಮನೆಗೆ ಪಟ್ಟ ಹೋದದ್ದು ಸರಿ ಅಂತ ತೋರಿಸೋದು ಅವರಿಗೆ ಬೇಕಿತ್ತು. ಅದಕ್ಕೆ ಒಗದೈ ಮನೆಯ ಹೆಂಗಸರು ಕೆಟ್ಟವರಾಗಲೇಬೇಕಿತ್ತು.

1251ರಲ್ಲಿ ನಡೆದದ್ದನ್ನೇ ನೋಡಿ. ಬಾತುವಿನ ಬೆಂಬಲದಿಂದ ಮೋಂಗ್ಕೆ ಖಾನ್ ಆದ, ಸಂಭ್ರಮ ನಡೆಯುತ್ತಿತ್ತು. ಕೆಸೆಗೆ ಅನ್ನುವ ಗಿಡುಗ ಸಾಕುವವನ ಹೆಣ್ಣೊಂಟೆ ಕಳೆದುಹೋಯಿತಂತೆ. ಹುಡುಕುತ್ತಾ ಹೋದವನಿಗೆ ಗಾಡಿಗಳ ಸಾಲು ಕಂಡಿತು. ಮುರಿದ ಗಾಡಿಯೊಂದರ ಹತ್ತಿರ ಕೂತಿದ್ದ ಹುಡುಗ ಸಹಾಯ ಕೇಳಿದ. ಇವನು ಕುದುರೆಯಿಂದ ಇಳಿದು ನೋಡಿದರೆ ಗಾಡಿಯ ತುಂಬ ಆಯುಧ. ಶಿರೆಮುನ್ ಮತ್ತು ಒಗುಲ್ ಖೈಮಿಶ್‌ಳ ಮಗ ನಾಖು ಶುಭ ಕೋರುವ ನೆಪದಲ್ಲಿ ಕೊಲ್ಲಲು ಬರುತ್ತಿದ್ದರು ಅನ್ನೋದು ಆರೋಪ. ಮೂರು ದಿನದ ದಾರಿಯನ್ನು ಒಂದೇ ದಿನಕ್ಕೆ ಓಡಿ ಕೆಸೆಗೆ ಸುದ್ದಿ ಕೊಟ್ಟ. ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಂಚು ಇದ್ದಿರಬಹುದು. ಆದರೆ ವಿಚಾರಣೆ ಮಾಡಿದವರೂ ಲಾಭ ಪಡೆದವರೂ ಒಂದೇ ಮನೆಯವರು. 77 ಜನ ಸರದಾರರ ತಲೆ ಹೋಯಿತು.

ಒಗುಲ್ ಖೈಮಿಶ್‌ಳ ಕಥೆ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಕೆಯ ಆಡಳಿತ ದುರ್ಬಲವಾಗಿತ್ತು, ನಿಜ. ಸ್ವಂತ ಮಕ್ಕಳಾದ ಖೋಜಾ ಮತ್ತು ನಾಖು ತಾಯಿಗೆ ಎದುರಾಗಿ ಬೇರೆ ಬೇರೆ ದರ್ಬಾರು ಇಟ್ಟುಕೊಂಡಿದ್ದರು. ಮೋಂಗ್ಕೆಯ ಮುಖ್ಯ ನ್ಯಾಯಾಧಿಕಾರಿ ಮೆಂಗೆಸೆರ್ ಆಕೆಯನ್ನು ಬಟ್ಟೆ ಬಿಚ್ಚಿಸಿ ವಿಚಾರಣೆಗೆ ನಿಲ್ಲಿಸಿದ. ರಾಜನೊಬ್ಬನನ್ನು ಬಿಟ್ಟು ಯಾರೂ ನೋಡದ ಮೈಯನ್ನು ಬೇರೆಯವರು ಹೇಗೆ ನೋಡಬಹುದು ಅಂತ ಆಕೆ ಕೇಳಿದಳು. ತೊಲುಯಿ ಮನೆಯ ಮಂತ್ರಿ ರಶೀದುದ್ದೀನನೇ ಈ ಮಾತನ್ನು ಉಳಿಸಿದ್ದಾನೆ, ಅದಕ್ಕೆ ಅವನಿಗೆ ನನ್ನ ಕೃತಜ್ಞತೆ. ಆಕೆಯನ್ನೂ ಕಂಬಳಿಯಲ್ಲಿ ಸುತ್ತಿ ನೀರಿಗೆ ಎಸೆದರು. ಆಮೇಲೆ ಮೋಂಗ್ಕೆ ಫ್ರಾನ್ಸಿನ ರಾಜನಿಗೆ ಬರೆದ ಪತ್ರದಲ್ಲಿ ಆಕೆಯನ್ನು ನಾಯಿಗಿಂತ ಕಡೆ ಅಂದ.

ಹೀಗೆ ಬಂದ ಪಟ್ಟ ಗಟ್ಟಿಯಾಗಿ ನಿಂತಿತಾ? ಮೋಂಗ್ಕೆ 1259ರಲ್ಲಿ ಸತ್ತ. ಮರುವರ್ಷವೇ ಕುಬ್ಲೈ ಮತ್ತು ಅರಿಕ್ ಬೋಕೆ, ಅದೇ ಸೊರ್ಗಗ್ತಾನಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಬೇರೆ ಬೇರೆ ಖುರುಲ್ತಾಯಿ ಸೇರಿಸಿ ಇಬ್ಬರೂ ಖಾನ್ ಆದರು. ನಾಲ್ಕು ವರ್ಷ ಯುದ್ಧ. ಆಮೇಲೆ ಸಾಮ್ರಾಜ್ಯ ಮತ್ತೆ ಒಂದಾಗಲೇ ಇಲ್ಲ. ಚೀನಾ, ಪರ್ಷಿಯಾ, ಮಧ್ಯ ಏಷ್ಯಾ, ರಷ್ಯಾದ ಹುಲ್ಲುಗಾವಲು, ನಾಲ್ಕೂ ತಮ್ಮ ತಮ್ಮ ದಾರಿ ಹಿಡಿದವು. ಇದಕ್ಕೆ ಸೊರ್ಗಗ್ತಾನಿಯನ್ನು ಯಾರೂ ದೂರುವುದಿಲ್ಲ. ದೂರಬೇಕು ಅಂತ ನಾನೂ ಹೇಳೋದಿಲ್ಲ. ಅದೇ ರಿಯಾಯಿತಿ ತೋರೆಗೆನೆಗೂ ಸಿಗಲಿ ಅಂತಷ್ಟೇ ಕೇಳುತ್ತಿದ್ದೇನೆ.

ಒಗದೈಯ ಮೊಮ್ಮಗ ಕೈದು ಮಾತ್ರ ಸೋಲು ಒಪ್ಪಲಿಲ್ಲ. ಮಧ್ಯ ಏಷ್ಯಾದಲ್ಲಿ ಕುಬ್ಲೈ ವಿರುದ್ಧ ದಶಕಗಟ್ಟಲೆ ಹೋರಾಡಿ 1301ರಲ್ಲಿ ಸತ್ತ. ಯುದ್ಧದಲ್ಲಿ ಅವನ ಪಕ್ಕದಲ್ಲೇ ಇರುತ್ತಿದ್ದವಳು ಮಗಳು ಖುತುಲುನ್. ಅಪ್ಪ ಸತ್ತ ಮೇಲೆ ಆಕೆ ಸಹೋದರ ಒರುಸ್‌ನ ಪರ ನಿಂತಳು. ಇನ್ನೊಬ್ಬ ಸಹೋದರ ಚಾಪರ್ ಮತ್ತು ಅವನ ಬೆನ್ನಿಗಿದ್ದ, ಚೆಂಗೀಸನ ಇನ್ನೊಬ್ಬ ಮಗ ಚಗತಾಯಿಯ ಮನೆಯ ದುವಾ ಆಕೆಗೆ ಹೇಳಿದ್ದು: ನೀನು ಕತ್ತರಿ, ಸೂಜಿ ನೋಡಿಕೋ, ರಾಜ್ಯದ ವಿಷಯ ನಿನಗೇಕೆ? 1303ರಲ್ಲಿ ಚಾಪರ್ ಪಟ್ಟಕ್ಕೆ ಬಂದ. ಬೆನ್ನಿಗೆ ನಿಂತಿದ್ದ ದುವಾನೇ ಅವನ ಮೇಲೆ ತಿರುಗಿಬಿದ್ದ. 1310ರ ಹೊತ್ತಿಗೆ ಚಾಪರ್ ರಾಜ್ಯ ಕಳೆದುಕೊಂಡು, ಅಪ್ಪ ಜೀವಮಾನವೆಲ್ಲ ಎದುರಿಸಿದ್ದ ಕುಬ್ಲೈ ಮನೆಯವರಿಗೇ ಶರಣಾದ.